ಇವತ್ತು ರಾತ್ರಿ ಮಗು ಎಲ್ಲಿ ಮಲಗಬೇಕು?

ಸಂಜೆ ಏಳೂವರೆಗೆ ಫೋನು. ಹೆಣ್ಣೂರು ಕಡೆ ಕಟ್ಟುತ್ತಿರುವ ಅಪಾರ್ಟ್‌ಮೆಂಟಿನ ಪಕ್ಕ, ತಗಡಿನ ಶೆಡ್ಡಿನಲ್ಲಿ ಮೂರು ಮಕ್ಕಳು. ದೊಡ್ಡವಳಿಗೆ ಒಂಬತ್ತಿರಬಹುದು. ಅವಳ ಕಂಕುಳಲ್ಲಿ ಒಂದು ಕೂಸು, ಲಂಗ ಹಿಡಿದುಕೊಂಡು ಮೂರು ವರ್ಷದ ಇನ್ನೊಂದು. ಅಪ್ಪ ಅಮ್ಮನ ಪತ್ತೆಯಿಲ್ಲ. ಫೋನ್ ಮಾಡಿದ್ದು ಎದುರು ಮನೆಯವರು. "ಕರ್ಕೊಂಡು ಹೋಗ್ಬಿಡಿ ಮೇಡಂ, ಹಾಸ್ಟೆಲ್ಲಲ್ಲಾದ್ರೂ ಹೊಟ್ಟೆ ತುಂಬ ಊಟ ಸಿಗುತ್ತೆ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು.

ಆ ಒಂದು ಮಾತಿನಲ್ಲಿ ಎರಡು ಪ್ರಶ್ನೆ ಸೇರಿಕೊಂಡಿವೆ. ಈ ಮಕ್ಕಳು ಇವತ್ತು ರಾತ್ರಿ ಎಲ್ಲಿ ಮಲಗಬೇಕು ಎನ್ನುವುದು ಒಂದು. ಇವರು ಎಲ್ಲಿ, ಯಾರ ಕೈಯಲ್ಲಿ ಬೆಳೆಯಬೇಕು ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಒಂದೆರಡು ಗಂಟೆಯಲ್ಲಿ ಉತ್ತರ ಬೇಕು. ಎರಡನೆಯದಕ್ಕೆ ವಾರಗಳು, ಕೆಲವು ಸಲ ತಿಂಗಳುಗಳು ಬೇಕು. ಮಕ್ಕಳ ರಕ್ಷಣೆಯ ಸಮಾಜ ಕಾರ್ಯಕರ್ತೆಯಾಗಿ ಈ ಕೆಲಸದಲ್ಲಿ ನಾನು ಮಾಡಿದ, ಬೇರೆಯವರು ಮಾಡುವುದನ್ನು ಕಂಡ ತಪ್ಪುಗಳಲ್ಲಿ ಬಹುಪಾಲು ಈ ಎರಡನ್ನೂ ಒಂದೇ ಏಟಿಗೆ ತೀರ್ಮಾನಿಸಲು ಹೋದದ್ದರಿಂದ ಆದವು. ಎಂಎಸ್‌ಡಬ್ಲ್ಯು ಮುಗಿಸಿ ಮಕ್ಕಳ ರಕ್ಷಣಾ ಘಟಕಕ್ಕೋ ಸಂಸ್ಥೆಗೋ ಹೊಸದಾಗಿ ಸೇರಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮಗೆ ಫೋನ್ ಮಾಡಿ "ಇವರು ಏನೂ ಮಾಡಲಿಲ್ಲ" ಎಂದು ಬೇಸರಪಟ್ಟುಕೊಳ್ಳುವ ಮೇಷ್ಟ್ರುಗಳು, ನೆರೆಹೊರೆಯವರು ಓದಿದರೂ ಒಳ್ಳೆಯದೇ. ಉದಾಹರಣೆಗಳಲ್ಲಿ ಯಾರ ಗುರುತೂ ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಫೋನ್ ಬಂದಾಗ

ಮಕ್ಕಳ ಸಹಾಯವಾಣಿ 1098ಕ್ಕೆ ಬರುವ ಕರೆಯಿರಲಿ (2023ರಿಂದ ಇದನ್ನು ಸರ್ಕಾರವೇ ನಡೆಸುತ್ತಿದೆ, ತುರ್ತು ಕರೆಯ 112ರ ಜೊತೆ ಜೋಡಿಸಿದ್ದಾರೆ), ಠಾಣೆಯಿಂದ ಬರುವ ಕರೆಯಿರಲಿ, ಮೊದಲು ಕೇಳಬೇಕಾದ್ದು "ನೀವು ಕಣ್ಣಾರೆ ಕಂಡದ್ದೇನು, ಯಾವಾಗ?" ಎಂದು. "ಆ ಮನೇಲಿ ಮಗೂಗೆ ಚಿತ್ರಹಿಂಸೆ" ಎನ್ನುವುದು ಕಂಡದ್ದಲ್ಲ, ಕಟ್ಟಿಕೊಂಡ ಅಭಿಪ್ರಾಯ. "ನಿನ್ನೆ ರಾತ್ರಿ ಹತ್ತಕ್ಕೆ ಹುಡುಗನನ್ನು ಬಾಗಿಲಾಚೆ ನಿಲ್ಲಿಸಿದ್ದರು, ಹನ್ನೊಂದಾದರೂ ಅಲ್ಲೇ ಇದ್ದ" ಎನ್ನುವುದು ಕಂಡದ್ದು. ಮಗುವಿಗೆ ಈಗ ಗಾಯವಾಗಿದೆಯೇ, ಈಗ ಜೊತೆಗೆ ಯಾರಿದ್ದಾರೆ, ಮಗು ಮಾತಾಡುವ ಭಾಷೆ ಯಾವುದು, ಇಷ್ಟನ್ನು ಕೇಳಿ ಕರೆ ಬಂದ ಸಮಯ ಬರೆದುಕೊಂಡು ಹೊರಡಿ.

ಕರೆ ಮಾಡುವವರಿಗೆ ಒಂದು ಮಾತು. ಮಕ್ಕಳ ಫೋಟೊ ತೆಗೆದು ಅಪಾರ್ಟ್‌ಮೆಂಟ್ ಗ್ರೂಪಿಗೆ ಹಾಕಬೇಡಿ. ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಇಂಥ ಮಗುವಿನ ಗುರುತು ಬಹಿರಂಗಪಡಿಸುವುದು ಅಪರಾಧ. ಲೈಂಗಿಕ ದೌರ್ಜನ್ಯದ ಅನುಮಾನವಿದ್ದರೆ ತಿಳಿಸದೆ ಸುಮ್ಮನಿರುವುದೂ ಪೋಕ್ಸೋ ಕಾಯ್ದೆಯಲ್ಲಿ ಅಪರಾಧವೇ. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ ಎಂದೂ ಅದೇ ಕಾಯ್ದೆ ಹೇಳುತ್ತದೆ.

ರಾತ್ರಿಯ ತೀರ್ಮಾನ

ಸ್ಥಳಕ್ಕೆ ಹೋದ ಮೇಲೆ ಮನಸ್ಸಿನಲ್ಲಿ ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ನಾಳೆ ಬೆಳಗಾಗುವುದರೊಳಗೆ ಈ ಮಗುವಿಗೆ ಏನು ಆಗಬಹುದು? ಮನೆ ಕೊಳಕೋ, ಅಪ್ಪ ಸೋಮಾರಿಯೋ, ಮಕ್ಕಳು ಶಾಲೆಗೆ ಹೋಗುತ್ತಿಲ್ಲವೋ, ಅವೆಲ್ಲ ಎರಡನೇ ಪ್ರಶ್ನೆಯ ಸಾಮಗ್ರಿ. ಇವತ್ತು ರಾತ್ರಿ ಅವುಗಳಿಂದ ಯಾರೂ ಸಾಯುವುದಿಲ್ಲ.

ಕೆಲವು ಕಡೆ ಯೋಚಿಸುತ್ತ ನಿಲ್ಲುವಂತಿಲ್ಲ. ಇನ್ನೂ ಮಗುಚಿಕೊಳ್ಳಲೂ ಬಾರದ ಕೂಸಿನ ಮೈಮೇಲೆ ಕಂದುಗಟ್ಟಿದ ಗುರುತಿದ್ದರೆ ಮೊದಲು ಆಸ್ಪತ್ರೆ, ಮಿಕ್ಕ ಮಾತು ಆಮೇಲೆ. ಮಂಚದಿಂದ ಬಿತ್ತು ಎಂಬ ವಿವರಣೆಗೆ ಗಾಯ ಹೊಂದುತ್ತದೆಯೇ ಎಂದು ಹೇಳಬೇಕಾದವರು ಮಕ್ಕಳ ಡಾಕ್ಟರು, ನಾವಲ್ಲ. ದೌರ್ಜನ್ಯ ಎಸಗಿದ್ದಾನೆ ಎಂಬ ಅನುಮಾನವಿರುವ ಮನುಷ್ಯ ಅದೇ ಸೂರಿನಡಿ ಇದ್ದರೆ, ಹೊಣೆ ಹೊರುವ ದೊಡ್ಡವರು ಯಾರೂ ಇಲ್ಲದಿದ್ದರೆ, ಮಗುವೇ ಮನೆಗೆ ಹೋಗಲು ಹೆದರಿ ನಡುಗುತ್ತಿದ್ದರೆ, ಆ ರಾತ್ರಿ ಮಗು ಅಲ್ಲಿ ಮಲಗಬಾರದು.

ಅಲ್ಲಿ ಮಲಗಬಾರದು ಎಂದಾಕ್ಷಣ ಬಾಲಮಂದಿರ ಎಂದಲ್ಲ. ಎರಡು ಬೀದಿಯಾಚೆ ಅಜ್ಜಿ ಇರಬಹುದು. ಮಗು ತಾನಾಗಿ ಓಡಿಹೋಗಿ ಅಪ್ಪಿಕೊಳ್ಳುವ ಚಿಕ್ಕಮ್ಮ ಇರಬಹುದು. ಹಾಗೆ ಒಪ್ಪಿಸುವಾಗಲೂ ಅವರ ಮನೆಗೆ ಹೋಗಿ ಕಣ್ಣಾಡಿಸಿ, ಬರೆದು ಸಹಿ ಹಾಕಿಸಿಕೊಂಡು, ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಇದಕ್ಕೂ ಮೊದಲು ಕೇಳಬೇಕಾದ ಒಂದು ಪ್ರಶ್ನೆಯನ್ನು ನಾವು ಆಗಾಗ ಮರೆಯುತ್ತೇವೆ: ಮಗುವೇ ಯಾಕೆ ಮನೆ ಬಿಡಬೇಕು? ಹೊಡೆಯುವವನು ಹೊರಗೆ ಹೋಗಿ ತಾಯಿ ಮಕ್ಕಳು ಮನೆಯಲ್ಲೇ ಉಳಿಯುವ ದಾರಿ ಇದೆಯೇ? ಆ ತಾಯಿ ಗಂಡನ ವಿರುದ್ಧ ನಿಲ್ಲಬಲ್ಲಳೇ ಎನ್ನುವುದರ ಮೇಲೆ ಇದೆಲ್ಲ ನಿಂತಿದೆ. "ನಿಲ್ತೀನಿ" ಎಂದು ಅವಳು ನಮ್ಮೆದುರು ಹೇಳಿದ್ದಕ್ಕಿಂತ, ಹೋದ ಸಲ ಹೊಡೆತ ಬಿದ್ದಾಗ ಅವಳು ಏನು ಮಾಡಿದ್ದಳು ಎನ್ನುವುದು ಹೆಚ್ಚು ಹೇಳುತ್ತದೆ.

ಮಗುವನ್ನು ಕರೆದುಕೊಂಡು ಬಂದರೆ, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿ ಕೂರದ ಹೊತ್ತಿನಲ್ಲಿ ಸದಸ್ಯರೊಬ್ಬರ ಮುಂದೆಯಾದರೂ ಹಾಜರುಪಡಿಸಬಹುದು. ಮಗುವನ್ನು ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳಬಾರದು. ಅಕ್ಕತಂಗಿ, ಅಣ್ಣತಮ್ಮ ಇದ್ದರೆ ಗಂಡು ಹೆಣ್ಣು ಎಂದು, ವಯಸ್ಸಿನ ಲೆಕ್ಕ ಎಂದು ಬೇರೆ ಬೇರೆ ಕಡೆ ಕಳಿಸುವ ಮುನ್ನ ಒಟ್ಟಿಗೆ ಇರಿಸಲು ಜಾಗವಿದೆಯೇ ಎಂದು ನಾಲ್ಕು ಫೋನಾದರೂ ಮಾಡಿ. ಒಂಬತ್ತು ವರ್ಷದ ಅಕ್ಕನೇ ಅಮ್ಮನ ಹಾಗೆ ಸಾಕಿದ ಕೂಸನ್ನು ಅವಳ ಕೈಯಿಂದ ಬಿಡಿಸುವುದನ್ನು ಒಮ್ಮೆ ನೋಡಿದವರು ಆ ಫೋನು ಮಾಡದೆ ಇರಲಾರರು.

ಇಲ್ಲೊಂದು ಸ್ಪಷ್ಟನೆ. ಜನ ತಿಳಿದಿರುವ ಹಾಗೆ ಸಮಾಜ ಕಾರ್ಯಕರ್ತೆ ಮಗುವನ್ನು ತಂದೆತಾಯಿಯಿಂದ "ಕಿತ್ತುಕೊಳ್ಳುವ" ಅಧಿಕಾರಿಯಲ್ಲ. ಆದೇಶ ಕೊಡುವುದು ಸಮಿತಿ. ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರು, ಅಂತಿಮ ಆದೇಶಕ್ಕೆ ಕನಿಷ್ಠ ಮೂವರು ಇರಬೇಕು. ಆದರೆ ಅವರು ನೋಡುವುದು ಬಹುತೇಕ ನಮ್ಮ ಕಣ್ಣಿನಿಂದ. ಶೆಡ್ಡಿಗೆ ಹೋದವರು ನಾವು, ಅವರ ಕೈಗೆ ಬರುವುದು ನಾವು ಬರೆದ ಹಾಳೆ.

ಮನೆ ಭೇಟಿ

ಇಲ್ಲಿಂದ ಎರಡನೇ ಪ್ರಶ್ನೆ. ಮಗುವಿನ ಮನೆ, ಹಿನ್ನೆಲೆ ವಿಚಾರಿಸಿ ಸಮಿತಿಗೆ ಕೊಡುವ ಸಾಮಾಜಿಕ ತನಿಖಾ ವರದಿಗೆ 15 ದಿನ ಸಮಯ, ಅಂತಿಮ ಆದೇಶಕ್ಕೆ ಮೊದಲ ಹಾಜರಿಯಿಂದ ನಾಲ್ಕು ತಿಂಗಳು. ಹದಿನೈದು ದಿನದಲ್ಲಿ ಒಮ್ಮೆ ಮಾತ್ರ ಹೋಗಿ ಬಂದು ವರದಿ ಬರೆಯುವವರಿದ್ದಾರೆ. ಕನಿಷ್ಠ ಎರಡು ಸಲ ಹೋಗಿ, ಬೇರೆ ಬೇರೆ ಹೊತ್ತಿನಲ್ಲಿ. ಬೆಳಗ್ಗೆ ಹತ್ತಕ್ಕೆ ಶಾಂತವಾಗಿರುವ ವಠಾರದ ಮನೆ ಶನಿವಾರ ಸಂಜೆ, ಕೂಲಿ ಬಟವಾಡೆಯ ದಿನ, ಬೇರೆಯೇ ಮನೆ.

ಒಳಗೆ ಹೋದಾಗ ನಮ್ಮ ಕಣ್ಣು ಮೊದಲು ಬಡತನದ ಮೇಲೆ ಬೀಳುತ್ತದೆ. ಅದು ಎಲ್ಲಕ್ಕಿಂತ ಜೋರಾಗಿ ಕಾಣುತ್ತದೆ. ಬಡತನ ಬೇರೆ, ನಿರ್ಲಕ್ಷ್ಯ ಬೇರೆ ಎಂದು ತರಬೇತಿಯಲ್ಲಿ ಎಲ್ಲರಿಗೂ ಹೇಳಿಕೊಟ್ಟಿರುತ್ತಾರೆ. ಸ್ಥಳದಲ್ಲಿ ಅದನ್ನು ಬಿಡಿಸಿ ನೋಡುವುದು ಕಷ್ಟ. ನಾನು ಬಳಸುವ ಉಪಾಯ ಇಷ್ಟೇ: ಈ ಮನೆಯಲ್ಲಿ ಇರುವ ಅಲ್ಪಸ್ವಲ್ಪದಲ್ಲಿ ಮಗುವಿನ ಪಾಲಿಗೆ ಎಷ್ಟು ಬಂದಿದೆ? ಮಗುವಿನ ಲಸಿಕೆ ಬರೆದಿಡುವ 'ತಾಯಿ ಕಾರ್ಡ'ನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸೂರಿಗೆ ಸಿಕ್ಕಿಸಿಟ್ಟಿದ್ದಾರಾ? ಮಗು ಅತ್ತಾಗ ಯಾರ ಕಡೆ ತಿರುಗುತ್ತದೆ? ಇರುವ ಒಂದೇ ಹೊದಿಕೆ ಯಾರ ಮೇಲಿದೆ? ಅಪ್ಪ ಒಳಗೆ ಬಂದಾಗ ಮಕ್ಕಳ ದನಿ ತಗ್ಗುತ್ತದೆಯೇ, ಏರುತ್ತದೆಯೇ?

ಬೊಮ್ಮನಹಳ್ಳಿ ಕಡೆಯ ಒಂದು ಕೇಸು. ಗಾರ್ಮೆಂಟ್ಸಿಗೆ ಹೋಗುವ ತಾಯಿ, ಐದು ಮತ್ತು ಮೂರು ವರ್ಷದ ಇಬ್ಬರನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿ ಹೋಗುತ್ತಾಳೆಂದು ದೂರು. ದೂರು ನಿಜವೇ. ಬೀಗ ಕಣ್ಣೆದುರಿಗೇ ಇತ್ತು. ಒಳಗೆ ಬೆಂಕಿ ಹತ್ತಿಕೊಂಡರೆ ಏನು ಗತಿ ಎಂದು ನನಗೂ ಮೈ ಉರಿಯಿತು. ಸಂಜೆ ಅವಳು ಬಂದಳು. ಬೈಯುವುದನ್ನು ಬಿಟ್ಟು, ಬೀಗ ಹಾಕಲು ಶುರು ಮಾಡಿದ್ದು ಯಾವಾಗಿಂದ ಎಂದು ಕೇಳಿದೆ. ಅಂಗನವಾಡಿ ಸಂಜೆ 4ಕ್ಕೆ ಮುಚ್ಚುತ್ತದೆ, ಇವಳು ಮನೆ ಸೇರುವುದು ಆರೂವರೆಗೆ. ನಡುವಿನ ಹೊತ್ತು ಪಕ್ಕದ ಮನೆಯಲ್ಲಿ ಬಿಡುತ್ತಿದ್ದಳು. ಅಲ್ಲಿನ ಹುಡುಗನೊಬ್ಬ ಹಿರಿಮಗಳ ಜೊತೆ ಸರಿಯಾಗಿ ನಡೆದುಕೊಳ್ಳಲಿಲ್ಲ. ಮಾರನೆಯ ದಿನವೇ ಬೀಗ ತಂದಳು. ನಮಗೆ ಕಂಡ ನಿರ್ಲಕ್ಷ್ಯ ಅವಳ ಲೆಕ್ಕದಲ್ಲಿ ಕಾವಲು.

ಬೀಗ ಅಪಾಯವೇ, ಅದನ್ನು ವರದಿಯಲ್ಲಿ ಮುಚ್ಚಿಡಲಿಲ್ಲ. ಆದರೆ ಬೇಕಾಗಿದ್ದದ್ದು ಎರಡೂವರೆ ಗಂಟೆ ಮಕ್ಕಳನ್ನು ನೋಡಿಕೊಳ್ಳುವ ನಂಬಿಕೆಯ ಕೈ. ಹುಡುಗನ ವಿಷಯ ಪೋಕ್ಸೋ ಕಡೆ ಹೋಯಿತು. ಮಕ್ಕಳು ತಾಯಿಯ ಜೊತೆಯಲ್ಲೇ ಉಳಿದರು. ಕಾರ್ಖಾನೆಯ ಶಿಶುಪಾಲನಾ ಕೇಂದ್ರದಲ್ಲಿ ಚಿಕ್ಕವನಿಗೆ ಜಾಗ ಕೊಡಿಸಲು ಆರು ವಾರ ಓಡಾಡಬೇಕಾಯಿತು, ಅದು ಬೇರೆ ಕಥೆ.

ಇದಕ್ಕೆ ತಿರುಗುಮುರುಗಾದದ್ದೂ ಉಂಟು. ಸರ್ಜಾಪುರ ರಸ್ತೆಯ ಹತ್ತನೇ ಮಹಡಿಯ ಫ್ಲ್ಯಾಟು, ಮನೆಗೆಲಸಕ್ಕೆ ಇಟ್ಟುಕೊಂಡ ಹುಡುಗಿಯ ಬಗ್ಗೆ ದೂರು. ಗೇಟಿನಲ್ಲಿ ಹೆಸರು ಬರೆಸಿ, ಆ್ಯಪಿನಲ್ಲಿ ಒಪ್ಪಿಗೆ ಬಂದು, ಲಿಫ್ಟ್ ಹತ್ತುವಷ್ಟರಲ್ಲೇ ನಮ್ಮ ದನಿ ಮೆತ್ತಗಾಗಿರುತ್ತದೆ. "ನಮ್ಮ ಮಗಳ ಥರಾನೇ ನೋಡ್ಕೋತೀವಿ" ಎಂದರು. ಹುಡುಗಿಗೆ ಒಳ್ಳೆಯ ಬಟ್ಟೆ, ಮೈಕೈ ತುಂಬಿಕೊಂಡಿದ್ದಳು. ಅವರ ಮಗಳು ಇಂಟರ್‌ನ್ಯಾಷನಲ್ ಶಾಲೆಗೆ ಹೋಗುತ್ತಿದ್ದಳು, ಇವಳು ಅವಳ ಟಿಫಿನ್ ಬಾಕ್ಸ್ ತೊಳೆಯುತ್ತಿದ್ದಳು. ಮಲಗುವುದು ಅಡುಗೆಮನೆಯ ಯುಟಿಲಿಟಿಯಲ್ಲಿ. ಅಮ್ಮನ ಜೊತೆ ಮಾತಾಡಿ ಐದು ತಿಂಗಳಾಗಿತ್ತು. ವಯಸ್ಸಿಗೆ ಆಧಾರ್ ತೋರಿಸಿದರು. ವಯಸ್ಸು ನಿರ್ಧರಿಸುವ, ಬಾಲನ್ಯಾಯ ಕಾಯ್ದೆಯ 94ನೇ ಸೆಕ್ಷನ್ ಕೇಳುವುದು ಶಾಲೆಯ ಪ್ರಮಾಣಪತ್ರ, ಅದಿಲ್ಲದಿದ್ದರೆ ಜನನ ಪ್ರಮಾಣಪತ್ರ, ಅದೂ ಇಲ್ಲದಿದ್ದರೆ ವೈದ್ಯಕೀಯ ಪರೀಕ್ಷೆ. ಊರಿನ ಶಾಲೆಯಿಂದ ದಾಖಲೆ ತರಿಸಿದಾಗ ಹುಡುಗಿಗೆ ಹದಿಮೂರು. ಹದಿನಾಲ್ಕು ತುಂಬದ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವಂತೆಯೇ ಇಲ್ಲ.

ಶೆಡ್ಡಿಗೆ ಅನುಮಾನದ ಕಣ್ಣು ತೆಗೆದುಕೊಂಡು ಹೋಗುವ ನಾವು ಟೈಲ್ಸ್ ಹಾಕಿದ ಮನೆಗೆ ಹೋಗುವಾಗ ಚಪ್ಪಲಿಯ ಜೊತೆ ಅದನ್ನೂ ಬಾಗಿಲಾಚೆ ಬಿಟ್ಟು ಹೋಗುತ್ತೇವೆ.

ಮಗುವಿನ ಜೊತೆ ಮಾತು

ಬೆಂಗಳೂರಿನಲ್ಲಿ ಇದರ ಮೊದಲ ತೊಡಕು ಭಾಷೆ. ಒಂದೇ ದಿನ ದಖನಿ ಉರ್ದು, ತೆಲುಗು, ಬಂಗಾಳಿ ಮಾತಾಡುವ ಮೂರು ಮಕ್ಕಳು ಬರಬಹುದು. ಅನುವಾದಕ್ಕೆಂದು ಓನರನ್ನೋ ಅಣ್ಣನನ್ನೋ ಕೂರಿಸಿಕೊಂಡರೆ ನೀವು ಮಾತಾಡಿದ್ದು ಅವರ ಜೊತೆ, ಮಗುವಿನ ಜೊತೆ ಅಲ್ಲ. ಯಾದಗಿರಿಯ ಮಗುವಿನ ಕನ್ನಡ ನಮಗೆ ಅರ್ಥವಾಗುತ್ತದೆ ಎಂದುಕೊಳ್ಳುವುದೂ ಅರ್ಧ ಭ್ರಮೆ. ಗೊತ್ತಾಗದ ಮಾತಿಗೆ ತಲೆ ಆಡಿಸಬೇಡಿ, "ಹಂಗಂದ್ರ ಏನವ್ವ?" ಎಂದು ಮತ್ತೆ ಕೇಳಿ. ಮಕ್ಕಳಿಗೆ ಹೇಳಿಕೊಡುವುದೆಂದರೆ ಖುಷಿ.

"ಅಪ್ಪ ಹೊಡೀತಾರಾ?" ಎನ್ನುವುದು ಉತ್ತರವನ್ನು ಒಳಗಿಟ್ಟುಕೊಂಡ ಪ್ರಶ್ನೆ. "ರಾತ್ರಿ ಮನೇಲಿ ಯಾರ್ಯಾರು ಮಲಗ್ತೀರಿ, ಎಲ್ಲೆಲ್ಲಿ?" ಎಂದು ಕೇಳಿ ಒಂದು ಹಾಳೆ ಪೆನ್ಸಿಲ್ ಕೊಡಿ. "ಮನೇಲಿ ಗಲಾಟೆ ಆದ್ರೆ ನೀನು ಎಲ್ಲಿಗೆ ಹೋಗ್ತೀಯ?" ಎನ್ನುವ ಪ್ರಶ್ನೆಗೆ ಬರುವ ಉತ್ತರ ಬಂಗಾರ. ಪಕ್ಕದ ಅಜ್ಜಿಯ ಹೆಸರು ಹೇಳಿದರೆ ನಿಮಗೊಬ್ಬ ನೆಂಟರು ಸಿಕ್ಕಂತೆ. "ಎಲ್ಲಿಗೂ ಇಲ್ಲ" ಎಂದರೆ ಅದೂ ಒಂದು ಉತ್ತರ. ಯಾರಿಗೂ ಹೇಳಲ್ಲ ಎಂದು ಮಾತ್ರ ಯಾವತ್ತೂ ಮಾತು ಕೊಡಬೇಡಿ. ಯಾರಿಗೆ, ಎಷ್ಟು, ಯಾಕೆ ಹೇಳಬೇಕಾಗುತ್ತದೆ ಎಂದು ಮೊದಲೇ ಮಗುವಿಗೆ ತಿಳಿಸಿ.

ಲೈಂಗಿಕ ದೌರ್ಜನ್ಯದ ವಿಷಯವಾದರೆ ನೀವೇ ತನಿಖೆಗೆ ಇಳಿಯಬೇಡಿ. ಮಗು ಹೇಳಿದ ಮಾತನ್ನು ಮಗುವಿನ ಮಾತಿನಲ್ಲೇ ಬರೆದುಕೊಂಡು ನಿಲ್ಲಿಸಿ, ಪೊಲೀಸರಿಗೆ ತಿಳಿಸಿ. ಹೇಳಿಕೆ ಪಡೆಯುವುದು ಮಗುವಿನ ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ, ಆದಷ್ಟು ಮಟ್ಟಿಗೆ ಸಬ್‌ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ, ಸಮವಸ್ತ್ರವಿಲ್ಲದೆ. ಆರೋಪಿ ಅದೇ ಮನೆಯವನಾಗಿದ್ದರೆ, ಮಗು ಅಲ್ಲಿ ಉಳಿಯಬಹುದೇ ಎಂದು ಸಮಿತಿ ಮೂರು ದಿನದಲ್ಲಿ ನಿರ್ಧರಿಸಬೇಕು. ಅದಕ್ಕೆ ನಮ್ಮ ನೆರವು ಕೇಳುತ್ತಾರೆ. ಆ ಮೂರು ದಿನದಲ್ಲಿ ಮಗುವಿನ ಇಷ್ಟವೇನು ಎಂಬ ಒಂದು ಸಾಲು ವರದಿಯಲ್ಲಿ ಇರಲೇಬೇಕು. ಮಗು ಹೇಳಿದ್ದೇ ತೀರ್ಪಾಗಬೇಕಿಲ್ಲ. ಹೊಡೆಯುವ ಅಪ್ಪನ ಬಳಿಗೇ ಹೋಗುತ್ತೇನೆ ಎನ್ನುವ ಮಕ್ಕಳು ಬೇಕಾದಷ್ಟಿವೆ. ಆದರೆ ಅದರ ವಿರುದ್ಧ ತೀರ್ಮಾನಿಸುವಾಗ ಯಾಕೆ ಎಂದು ಮಗುವಿಗೇ ವಿವರಿಸಬೇಕಾದವರು ನಾವು.

ಮೂರು ಅಂಕಣ

ನೋಟ್‌ಬುಕ್ಕಿನ ಪುಟವನ್ನು ಮೂರಾಗಿ ಮಡಿಸಿ. ಮೊದಲನೆಯದರಲ್ಲಿ ಕಂಡದ್ದು, ಎರಡನೆಯದರಲ್ಲಿ ಕೇಳಿದ್ದು (ಯಾರಿಂದ ಎಂಬುದರ ಸಮೇತ), ಮೂರನೆಯದರಲ್ಲಿ ನನಗೆ ಅನ್ನಿಸಿದ್ದು. "ತಂದೆ ಕುಡುಕ" ಎಂಬುದು ಮೂರನೆಯದಕ್ಕೆ ಸೇರಿದ್ದು. "ಮಧ್ಯಾಹ್ನ 3ಕ್ಕೆ ಬಾಯಿಂದ ವಾಸನೆ ಬರುತ್ತಿತ್ತು, ಮಾತು ತೊದಲಲಿಲ್ಲ" ಮೊದಲನೆಯದಕ್ಕೆ. "ವಾರಕ್ಕೆರಡು ಸಲ ಗಲಾಟೆ ಎಂದು ಕೆಳಮನೆಯವರು ಹೇಳಿದರು, ಅವರಿಗೂ ಇವರಿಗೂ ನೀರಿನ ಜಗಳ ಇದೆ" ಎರಡನೆಯದಕ್ಕೆ. ಬರೆದು ಮುಗಿಸಿದಾಗ ಮೂರನೇ ಅಂಕಣ ತುಂಬಿ ಮೊದಲನೆಯದು ಖಾಲಿ ಇದ್ದರೆ, ಇನ್ನೊಮ್ಮೆ ಬಸ್ ಹತ್ತಿ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ಎಡವಿ ಕಲಿತೆ. ತಾಯಿಯಿಲ್ಲದ ಆರು ವರ್ಷದ ಹುಡುಗ. ತಂದೆ ಓದಿದವರು, ಸೌಮ್ಯ, ಪ್ರತಿ ಭೇಟಿಯಲ್ಲೂ ಕಾಫಿ ಕೊಟ್ಟು ಫೈಲು ತೆರೆದು ಮಾರ್ಕ್ಸ್ ಕಾರ್ಡು ತೋರಿಸುತ್ತಿದ್ದರು. ಮೊದಲ ದಿನವೇ "ಒಳ್ಳೆಯ ಅಪ್ಪ" ಎಂದು ಬರೆದುಕೊಂಡೆ. ಹುಡುಗ ಬಿಸಿಯೂಟದ ಅನ್ನವನ್ನು ಜೇಬಿಗೆ ತುಂಬಿಕೊಳ್ಳುತ್ತಾನೆ ಎಂದು ಶಾಲೆಯಲ್ಲಿ ಟೀಚರ್ ಹೇಳಿದರು. ಮಕ್ಕಳಾಟ ಎಂದುಕೊಂಡೆ. ತೂಕ ಇಳಿದಿತ್ತು. ಜ್ವರ ಬಂದಿತ್ತಂತೆ ಎಂದುಕೊಂಡೆ. ಬಂದ ಪ್ರತಿ ಸುದ್ದಿಯನ್ನೂ ಮೊದಲ ದಿನದ ಆ ಎರಡು ಪದಕ್ಕೆ ಹೊಂದಿಸುತ್ತ ಹೋದೆ. ಅಳತೆ ತಪ್ಪಿದ ರವಿಕೆಗೆ ಮೈಯನ್ನೇ ಹೊಂದಿಸಿದ ಹಾಗೆ. ಮೂರು ತಿಂಗಳು ಹೋಯಿತು. ಊಟ ಕೊಡದಿರುವುದೇ ಆ ಮನೆಯ ಶಿಕ್ಷೆ ಎಂದು ಕೊನೆಗೆ ಕಂಡುಹಿಡಿದದ್ದು ನಾನಲ್ಲ, ಆ ಟೀಚರ್.

ಬ್ರಿಟನ್ನಿನ ಸಂಶೋಧಕಿ ಐಲೀನ್ ಮನ್ರೋ, ಮಕ್ಕಳ ಮೇಲಿನ ದೌರ್ಜನ್ಯದ ಬಗ್ಗೆ 1973ರಿಂದ 1994ರವರೆಗೆ ಅಲ್ಲಿ ಪ್ರಕಟವಾದ 45 ವಿಚಾರಣಾ ವರದಿಗಳನ್ನು ಓದಿ 1999ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅವರು ಕಂಡದ್ದೂ ಇದನ್ನೇ: ಕಾರ್ಯಕರ್ತರು ಒಮ್ಮೆ ಕಟ್ಟಿಕೊಂಡ ಅಭಿಪ್ರಾಯವನ್ನು ಹೊಸ ಮಾಹಿತಿ ಬಂದರೂ ಬದಲಿಸಲು ತೀರಾ ನಿಧಾನ. ಅದನ್ನು ಓದಿದಾಗ ಸಮಾಧಾನವೂ ಆಯಿತು, ನಾಚಿಕೆಯೂ ಆಯಿತು. ಆಗಿನಿಂದ ಪ್ರತಿ ಫೈಲಿನ ಒಳರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಒಂದು ಸಾಲು ಬರೆದಿಡುತ್ತೇನೆ: "ಏನು ಕಂಡರೆ ನನ್ನ ಅಭಿಪ್ರಾಯ ಬದಲಿಸುತ್ತೇನೆ?" ಉತ್ತರವನ್ನು ಎರಡನೇ ಭೇಟಿಗೆ ಮೊದಲೇ ಬರೆಯಬೇಕು.

ಇನ್ನೊಂದು ಬಗೆಯ ಎಡವಟ್ಟು ಸೂಕ್ಷ್ಮವಾದದ್ದು. ಇಬ್ಬರು ಕಾರ್ಯಕರ್ತರು ಒಂದೇ ಮನೆ ನೋಡಿ ಬಂದು, ಅಪಾಯ ಇಷ್ಟೇ ಎಂದು ಒಪ್ಪಿಯೂ, ಒಬ್ಬರು ಮಗುವನ್ನು ತರಬೇಕೆನ್ನುತ್ತಾರೆ, ಇನ್ನೊಬ್ಬರು ಬೇಡವೆನ್ನುತ್ತಾರೆ. ವ್ಯತ್ಯಾಸ ಇರುವುದು ಕೇಸಿನಲ್ಲಲ್ಲ. ಒಬ್ಬರಿಗೆ ಹೋದ ತಿಂಗಳು ಬಿಟ್ಟು ಬಂದ ಮಗುವಿಗೆ ಏನೋ ಆಗಿದೆ. ಇನ್ನೊಬ್ಬರು ಬಾಲಮಂದಿರದ ಗೇಟಿನ ಕಂಬಿ ಹಿಡಿದು ಆರು ತಿಂಗಳಿಂದ ಅಳುತ್ತಿರುವ ಮಗುವನ್ನು ನೋಡಿದ್ದಾರೆ. ಹಾಗಾಗಿ ಚರ್ಚೆಗೆ ಕೂತಾಗ "ಅಪಾಯ ಎಷ್ಟು?" ಎಂದು ಮೊದಲು ಕೇಳಿ. ಅದು ಮುಗಿದ ಮೇಲೆ "ಎಷ್ಟಾದರೆ ನಾವು ಕೈ ಹಾಕಬೇಕು?" ಎಂದು ಕೇಳಿ.

ವರದಿ

ಸಾಮಾಜಿಕ ತನಿಖಾ ವರದಿಯ 22ನೇ ನಮೂನೆ ಉದ್ದವಾಗಿದೆ, ಖಾನೆ ತುಂಬುವುದರಲ್ಲೇ ಸುಸ್ತಾಗುತ್ತದೆ. ಆದರೆ ಸಮಿತಿಯವರು ಮೊದಲು ತಿರುಗಿಸುವುದು ಕೊನೆಯ ಶಿಫಾರಸಿನ ಪುಟವನ್ನು. ಅಲ್ಲಿ "ಮಗುವನ್ನು ಬಾಲಮಂದಿರದಲ್ಲಿ ಮುಂದುವರಿಸಬಹುದು" ಎಂಬ ಒಂದು ಸಾಲು ಬರೆದರೆ ಅದು ಶಿಫಾರಸಲ್ಲ, ಕೈತೊಳೆದುಕೊಳ್ಳುವುದು. ಸಂಸ್ಥೆಯಲ್ಲಿ ಇರಿಸುವುದು ಕೊನೆಯ ದಾರಿ ಎಂದು ಬಾಲನ್ಯಾಯ ಕಾಯ್ದೆಯ ಮೂಲ ತತ್ವಗಳಲ್ಲೇ ಇದೆ. ಅದಕ್ಕೂ ಮೊದಲಿನ ದಾರಿಗಳನ್ನು ಯಾಕೆ ಬಿಟ್ಟಿರಿ ಎಂದು ಒಂದೊಂದಾಗಿ ಬರೆಯಿರಿ: ಮೇಲ್ವಿಚಾರಣೆಯೊಂದಿಗೆ ತಂದೆತಾಯಿಗೆ ಮರಳಿ ಒಪ್ಪಿಸುವುದು, ಅರ್ಹ ವ್ಯಕ್ತಿಯೆಂದು ಅಜ್ಜಿಗೋ ಮಾವನಿಗೋ ಕೊಡುವುದು, ಸ್ವಲ್ಪ ಕಾಲ ಸಾಕಿಕೊಳ್ಳುವ ಬೇರೆ ಕುಟುಂಬಕ್ಕೆ (ಪೋಷಕ ಕುಟುಂಬ) ಒಪ್ಪಿಸುವುದು. ಮನೆಯ ಕಷ್ಟ ಬರೀ ದುಡ್ಡಿನದಾದರೆ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವವಿದೆ, ಮಗುವಿಗೆ ತಿಂಗಳಿಗೆ 4,000 ರೂಪಾಯಿ. ನಗರದಲ್ಲಿ ಕುಟುಂಬದ ವಾರ್ಷಿಕ ಆದಾಯ 96,000 ಮೀರಿರಬಾರದು. ಬೆಂಗಳೂರಿನ ಬಾಡಿಗೆ ಗೊತ್ತಿದ್ದವರು ಈ ಮಿತಿ ಹಾಕಿದ್ದಾರೆಂದು ನನಗೆ ಅನ್ನಿಸುವುದಿಲ್ಲ.

ಮಗುವಿನ ಊರು ರಾಯಚೂರೋ ಕಲಬುರಗಿಯೋ ಆಗಿದ್ದರೆ ಅಲ್ಲಿನ ಮನೆ ನೋಡಿ ಬರಲು ಆ ಜಿಲ್ಲೆಯ ಘಟಕಕ್ಕೆ ಪತ್ರ ಹೋಗುತ್ತದೆ. ಪತ್ರ ಹೋಗಿ, ಅಲ್ಲಿನವರು ಭೇಟಿ ಕೊಟ್ಟು, ವರದಿ ಬರುವವರೆಗೆ ಮಗು ಹೊಸೂರು ರಸ್ತೆಯ ಬಾಲಮಂದಿರದಲ್ಲಿ ಕಾಯುತ್ತದೆ. ಪತ್ರ ಕಳಿಸಿದ ದಿನವೇ ಅಲ್ಲಿನ ಸಹೋದ್ಯೋಗಿಗೆ ಫೋನ್ ಮಾಡಿ, ನಾಲ್ಕು ದಿನ ಬಿಟ್ಟು ಮತ್ತೆ ಮಾಡಿ. ಬೈಸಿಕೊಂಡರೂ ಪರವಾಗಿಲ್ಲ.

ವರದಿಯಲ್ಲಿ ಏನು ಬರೆದಿದ್ದೇನೆಂದು ತಂದೆತಾಯಿಗೆ ಅವರ ಭಾಷೆಯಲ್ಲಿ ಹೇಳಿ. ಆದೇಶ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಿಕೊಳ್ಳಬಹುದು ಎನ್ನುವುದನ್ನೂ ಹೇಳಿ. ನಮ್ಮ ವಿರುದ್ಧವೇ ದಾರಿ ತೋರಿಸಿದ ಹಾಗಾಗುತ್ತದೆ ಎಂದು ನನ್ನ ಸಹೋದ್ಯೋಗಿಯೊಬ್ಬರು ಆಕ್ಷೇಪಿಸುತ್ತಾರೆ. ಆಗಲಿ.

ಆಮೇಲೆ

ಹೆಣ್ಣೂರಿನ ಶೆಡ್ಡಿಗೆ ನಾನು ಹೋಗಿ ಮುಟ್ಟಿದಾಗ ಎಂಟೂವರೆ. ದೊಡ್ಡವಳು ಕೂಸಿಗೆ ನೀರಲ್ಲಿ ಅದ್ದಿದ ಬಿಸ್ಕತ್ತು ತಿನ್ನಿಸುತ್ತಿದ್ದಳು. "ಅವ್ವ ಮೋಲ್ಡಿಗಿ ಹೋಗ್ಯಾಳ್ರಿ, ಇನ್ನಾ ಬಂದಿಲ್ರಿ" ಎಂದಳು. ಛಾವಣಿಗೆ ಕಾಂಕ್ರೀಟ್ ಹಾಕಲು ಒಮ್ಮೆ ಶುರು ಮಾಡಿದರೆ ನಡುವೆ ನಿಲ್ಲಿಸುವಂತಿಲ್ಲ. ಅವತ್ತು ಮಿಕ್ಸರ್ ಕೆಟ್ಟು ಕೆಲಸ ರಾತ್ರಿಯವರೆಗೆ ಎಳೆದಿತ್ತು. ಅಲ್ಲೇ ಕುಳಿತು ಕಾದೆ. ಒಂಬತ್ತೂಕಾಲಿಗೆ ಅವ್ವ ಓಡಿ ಬಂದಳು, ಕೈತುಂಬ ಸಿಮೆಂಟು. ಕೂಸು ಅವಳನ್ನು ಕಂಡದ್ದೇ ನನ್ನ ತೊಡೆಯಿಂದ ಜಾರಿತು. ಮಕ್ಕಳು ಆ ರಾತ್ರಿ ಅಲ್ಲೇ ಮಲಗಿದರು.

ಎರಡನೇ ಪ್ರಶ್ನೆ ಬಾಕಿ ಇತ್ತು: ದೊಡ್ಡವಳ ಶಾಲೆ, ಚಿಕ್ಕವರನ್ನು ಹಗಲು ನೋಡಿಕೊಳ್ಳುವವರು ಯಾರು ಎನ್ನುವುದು. ಹತ್ತು ದಿನ ಬಿಟ್ಟು ಹೋದರೆ ಶೆಡ್ಡೇ ಇರಲಿಲ್ಲ. ಮೋಲ್ಡಿನ ಗುಂಪು ಬೇರೆ ಸೈಟಿಗೆ ಹೋಗಿತ್ತು. ಅವ್ವನ ಫೋನು ಸ್ವಿಚ್ ಆಫ್. ಮೊದಲ ದಿನ ಮೇಸ್ತ್ರಿಯ ನಂಬರ್ ಬರೆದುಕೊಂಡಿದ್ದರಿಂದ ಮತ್ತೆರಡು ದಿನದಲ್ಲಿ ಅವರು ಯಲಹಂಕದ ಆಚೆ ಸಿಕ್ಕರು. ಕಟ್ಟಡ ಕೆಲಸದ ಕುಟುಂಬವಾದರೆ ತಂದೆತಾಯಿಯ ನಂಬರ್ ಸಾಲದು. ಮೇಸ್ತ್ರಿಯದು, ಊರಲ್ಲಿರುವ ಒಬ್ಬರದು, ಜೊತೆಗೆ ಮಕ್ಕಳ ಊರಿನ ಶಾಲೆಯ ಹೆಸರು, ಈ ಮೂರೂ ಮೊದಲ ಭೇಟಿಯಲ್ಲೇ ನೋಟ್‌ಬುಕ್ಕಿಗೆ ಬರಬೇಕು.